ಕುಂಬಳೆಯನ್ನು ಅಳಿವೆಯ ಕಡೆಯಿಂದ ನೋಡಿ

ಬೆಂಗಳೂರು, ಮೈಸೂರು ಕಡೆಯಿಂದ ಕಾಸರಗೋಡಿಗೆ ಬರುವವರ ದಾರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಳಿಗ್ಗೆ ಅನಂತಪುರದ ಕೆರೆ ದೇವಸ್ಥಾನ. ಆಮೇಲೆ ಮಧೂರು. ಊಟ ಮುಗಿಸಿ ಬೇಕಲ ಕೋಟೆ, ಅಲ್ಲೇ ಸೂರ್ಯಾಸ್ತ. ರಾತ್ರಿ ಮಂಗಳೂರಿಗೆ ವಾಪಸ್. ಈ ಸುತ್ತಾಟದಲ್ಲಿ ಅವರು ಕುಂಬಳೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟುತ್ತಾರೆ. ನಿಲ್ಲುವವರು ಕಡಿಮೆ. ನಿಂತರೂ ಚಾ ಕುಡಿಯಲು ಅಷ್ಟೆ.

ಕುಂಬಳೆ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕ್ರಿಕೆಟಿಗ ಅನಿಲ್ ಕುಂಬ್ಳೆ. ಅವರ ಮನೆತನದ ಬೇರು ಇಲ್ಲಿಯದು. 2010ರಲ್ಲಿ ಇಲ್ಲಿನ ಒಂದು ರಸ್ತೆಗೆ ಅವರ ಹೆಸರನ್ನೂ ಇಟ್ಟರು. ಯಕ್ಷಗಾನದ ನಂಟು ಇರುವವರಿಗೆ ಪ್ರಸಂಗಗಳ ಕವಿ ಪಾರ್ತಿಸುಬ್ಬ ನೆನಪಾಗುತ್ತಾನೆ. ಆದರೆ ಕುಂಬಳೆ ಒಂದು ಬಂದರಾಗಿತ್ತು, ಸಮುದ್ರದಾಚೆಗೆ ಇಲ್ಲಿಂದ ಅಕ್ಕಿ ಹೋಗುತ್ತಿತ್ತು, ಅದೇ ಬಲದಿಂದ ಇದು ಒಂದು ಸೀಮೆಯ ರಾಜಧಾನಿಯಾಗಿತ್ತು ಅನ್ನುವುದು ನಮ್ಮೂರಿನ ಮಕ್ಕಳಿಗೂ ಸರಿಯಾಗಿ ಗೊತ್ತಿಲ್ಲ.

ಇಲ್ಲಿ ಹೇಳಬೇಕಾದದ್ದು ಒಂದು ಮಾತು. ಕುಂಬಳೆಯ ಕೋಟೆ, ದೇವಸ್ಥಾನ, ಅರಮನೆ, ಪಕ್ಕದ ಮೊಗ್ರಾಲಿನ ಹಾಡು, ಇವೆಲ್ಲ ಬೇರೆ ಬೇರೆ 'ಪಾಯಿಂಟು'ಗಳಲ್ಲ. ಎಲ್ಲವೂ ಒಂದೇ ಅಳಿವೆಯ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಯ ಸುತ್ತ ಬೆಳೆದದ್ದು. ಆ ಅಳಿವೆ ಇವತ್ತು ಕಷ್ಟದಲ್ಲಿದೆ. ಪ್ರವಾಸೋದ್ಯಮದ ನಕ್ಷೆಯಲ್ಲಿ ಅದಕ್ಕೆ ಜಾಗ ಇಲ್ಲ. ಅಳಿವೆಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಉಳಿಸುತ್ತೇವೆ ಅಂದರೆ ಆಗುವ ಕೆಲಸ ಅಲ್ಲ.

ಹೊಳೆ ಹೇಗೆ ಬಂದರಾಯಿತು

ಕಾಸರಗೋಡು ಪೇಟೆಯಿಂದ ಉತ್ತರಕ್ಕೆ ಸುಮಾರು 12 ಕಿ.ಮೀ. ಬಂದರೆ ಕುಂಬಳೆ. ಇಲ್ಲಿ ಎರಡು ಹೊಳೆಗಳ ನೀರು ಸೇರುತ್ತದೆ. ಒಂದು ಶಿರಿಯ ಹೊಳೆ. ಕರ್ನಾಟಕದ ಕಡೆಯ ಆನೆಗುಂದಿ ಕಾಡಿನಲ್ಲಿ ಹುಟ್ಟಿ 67 ಕಿ.ಮೀ. ಹರಿದು ಬರುತ್ತದೆ. ಇನ್ನೊಂದು ಕುಂಬಳೆ ಹೊಳೆ. ಎಡನಾಡಿನ ಹತ್ತಿರ ಹುಟ್ಟುವ ಇದರ ಉದ್ದ 11 ಕಿ.ಮೀ. ಮಾತ್ರ. ಎರಡೂ ಸೀದಾ ಕಡಲಿಗೆ ಬೀಳುವುದಿಲ್ಲ. ಎದುರಿಗೆ ಉದ್ದಕ್ಕೆ ಹೊಯ್ಗೆಯ (ಮರಳಿನ) ದಿಣ್ಣೆ ಇದೆ. ಅದರ ಒಳಗೆ ನೀರು ಹರಡಿ ನಿಂತು, ಒಂದು ಸಣ್ಣ ಬಾಯಿಯಿಂದ ಹೊರಗೆ ಹೋಗುತ್ತದೆ. ಆ ಬಾಯಿಯೇ ಅಳಿವೆ.

ನಮ್ಮ ಕರಾವಳಿಯ ಹಳೆ ಬಂದರುಗಳನ್ನು ಗಮನಿಸಿ. ಬಾರ್ಕೂರು, ಬಸರೂರು, ಮಂಗಳೂರು, ತಳಂಗೆರೆ, ಎಲ್ಲವೂ ಹೊಳೆಯನ್ನು ನಂಬಿದ ಬಂದರುಗಳೇ. ತೆರೆದ ಕಡಲಿನಲ್ಲಿ ಹಾಯಿಹಡಗು ನಿಲ್ಲಿಸುವುದು ಕಷ್ಟ. ಅಳಿವೆಯ ಒಳಗೆ ಬಂದರೆ ಅಲೆ ಇಲ್ಲ, ಗಾಳಿಯ ಹೊಡೆತ ಇಲ್ಲ. ಭರತದ ನೀರಿನ ಜೊತೆ ಒಳಗೆ ಬರುವುದು, ಇಳಿತದ ನೀರಿನ ಜೊತೆ ಹೊರಗೆ ಹೋಗುವುದು. ಮೇಲಿನ ಬಯಲುಗಳಿಂದ ಭತ್ತ, ಕರಿಮೆಣಸು ದೋಣಿಯಲ್ಲೇ ಇಳಿದು ಬರುತ್ತದೆ. ಎತ್ತಿನ ಗಾಡಿಗೂ ದಾರಿ ಇಲ್ಲದ ಕಾಲದಲ್ಲಿ ಇದಕ್ಕಿಂತ ಅಗ್ಗದ ಸಾಗಾಟ ಇರಲಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಕಡಲು ಮುಚ್ಚಿದರೆ ಎಲ್ಲ ಬಂದ್. ಮಳೆ ಬಿಟ್ಟ ಮೇಲೆ ಮತ್ತೆ ಶುರು.

1514ರಲ್ಲಿ ಪೋರ್ಚುಗೀಸ್ ದುವಾರ್ತೆ ಬಾರ್ಬೊಸಾ ಇಲ್ಲಿಗೆ ಬಂದಾಗ ನೋಡಿದ್ದು ಇದೇ ವ್ಯಾಪಾರ. ಕುಂಬಳೆಯಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಅಂತ ಅವನು ಬರೆದಿಟ್ಟಿದ್ದಾನೆ. ಹೋಗುತ್ತಿದ್ದದ್ದು ಮೇಲ್ತರಗತಿಯ ಅಕ್ಕಿಯೂ ಅಲ್ಲ. ಕಪ್ಪು ಬಣ್ಣದ ಸಾಧಾರಣ ಅಕ್ಕಿ.

ಈ ವಿನಿಮಯವನ್ನು ಸ್ವಲ್ಪ ಬಿಡಿಸಿ ನೋಡಿದರೆ ಕುಂಬಳೆಯ ಇತಿಹಾಸದ ಅರ್ಧ ಭಾಗ ಅರ್ಥವಾಗುತ್ತದೆ. ಮಾಲ್ಡೀವ್ಸ್ ಹವಳದ ದ್ವೀಪಗಳ ನಾಡು. ಅಲ್ಲಿ ಗದ್ದೆ ಮಾಡುವ ಮಣ್ಣಿಲ್ಲ. ಅನ್ನ ಬೇಕಿದ್ದರೆ ಹೊರಗಿನಿಂದಲೇ ಬರಬೇಕು. ಆದರೆ ತೆಂಗು ಬೇಕಾದಷ್ಟಿದೆ. ಆಗಿನ ಅರಬ್ಬಿ ಕಡಲಿನ ಹಡಗುಗಳನ್ನು ಹೆಚ್ಚಾಗಿ ಮೊಳೆ ಹೊಡೆದು ಕಟ್ಟುತ್ತಿರಲಿಲ್ಲ, ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಾಯಿಗೆ, ಲಂಗರಿಗೆ ಬೇಕಾದದ್ದೂ ಅದೇ ಹಗ್ಗ. ಅಂದರೆ ನಾರು ಆ ಕಾಲದ ಹಡಗು ಉದ್ಯಮದ ಕಚ್ಚಾಮಾಲು. ಬಡವರು ಉಣ್ಣುವ ಕರಿ ಅಕ್ಕಿ ಕೊಟ್ಟು ಅದನ್ನು ತರಿಸಿಕೊಳ್ಳುತ್ತಿದ್ದ ಊರು ನಮ್ಮದು. ಆ ಅಕ್ಕಿ ಬೆಳೆದದ್ದು ಹೊಳೆಯ ಮೇಲಿನ ಬಯಲುಗಳಲ್ಲಿ. ಆ ಬಯಲುಗಳಲ್ಲಿ ಇವತ್ತು ಹೆಚ್ಚಿನ ಕಡೆ ಅಡಿಕೆ ತೋಟ ಇದೆ.

ವ್ಯಾಪಾರ ಇದ್ದಲ್ಲಿ ಸುಂಕ ಇರುತ್ತದೆ. ಸುಂಕ ಇದ್ದಲ್ಲಿ ಅರಸ ಇರುತ್ತಾನೆ. ಕುಂಬಳೆ ಅರಸರ ಸೀಮೆ ತುಳುನಾಡಿನ ತೆಂಕಣ ತುದಿ. ಸೀಮೆಯ ನಾಲ್ಕು ಮುಖ್ಯ ದೇವಸ್ಥಾನಗಳನ್ನು ಈಗಲೂ ಹಿರಿಯರು ಒಂದೇ ಉಸಿರಲ್ಲಿ ಹೇಳುತ್ತಾರೆ: ಅಡೂರು, ಮಧೂರು, ಕಾವು, ಕಣ್ಯಾರ. ಅಡೂರು ಒಳನಾಡಿನ ಕಾಡಿನ ಅಂಚಿನಲ್ಲಿದೆ, ಮಧೂರು ಹೊಳೆ ಬದಿಯಲ್ಲಿದೆ, ಕಾವು ಅಂದರೆ ಮುಜುಂಗಾವು. ಕಣ್ಯಾರ ಅಂದರೆ ಕುಂಬಳೆಯ ಕಣಿಪುರ ಗೋಪಾಲಕೃಷ್ಣ. ಒಳನಾಡಿನಿಂದ ಅಳಿವೆಯವರೆಗೆ ಒಂದು ಸೀಮೆ ಹೇಗೆ ಹರಡಿತ್ತು ಅನ್ನುವುದಕ್ಕೆ ಈ ನಾಲ್ಕು ಹೆಸರೇ ನಕ್ಷೆ.

ಮುಂದೆ ಕೆಳದಿಯ ನಾಯಕರು ಕರಾವಳಿಗೆ ಇಳಿದರು. ಬೇಕಲ, ಚಂದ್ರಗಿರಿ, ಹೊಸದುರ್ಗ, ಕುಂಬಳೆಯ ಆರಿಕ್ಕಾಡಿ, ಇವೆಲ್ಲ ಅವರ ಕಾಲದ ಕೋಟೆಗಳು. 17, 18ನೇ ಶತಮಾನದ ಕೆಲಸ. ಈ ಕೋಟೆಗಳು ಎಲ್ಲಿವೆ ನೋಡಿ: ಒಂದೋ ಹೊಳೆಬಾಯಿ ಕಾಣುವ ಗುಡ್ಡದ ಮೇಲೆ, ಇಲ್ಲವೇ ಕಡಲಿನ ಮೇಲೇ ಕಣ್ಣಿಡುವ ಬಂಡೆಯ ಮೇಲೆ. ಕೋಟೆ ಕಟ್ಟಿದ್ದು ನೋಟ ಚೆನ್ನಾಗಿದೆ ಅಂತ ಅಲ್ಲ, ಬರುವ ಹೋಗುವ ದೋಣಿಗಳ ಮೇಲೆ ಹಿಡಿತ ಇರಲಿ ಅಂತ. ಆಮೇಲೆ ಹೈದರ್ ಬಂದ, ಟಿಪ್ಪು ಬಂದ. ಕುಂಬಳೆ ಅರಸ ತಲಶ್ಶೇರಿಗೆ ಓಡಿಹೋದ. 1799ರಲ್ಲಿ ವಾಪಸ್ ಬಂದು ಸೀಮೆಯನ್ನು ಮತ್ತೆ ಹಿಡಿಯಲು ನೋಡಿದ. 1804ರಲ್ಲಿ ಬ್ರಿಟಿಷರಿಗೆ ಬಗ್ಗಿ, ವರ್ಷಕ್ಕೆ 11,788 ರೂಪಾಯಿ ಪಿಂಚಣಿಗೆ ಒಪ್ಪಿಕೊಂಡ. ಆ ಮನೆತನದ ಅರಮನೆ ಮಾಯಿಪ್ಪಾಡಿಯಲ್ಲಿ ಈಗಲೂ ಇದೆ.

ಬಂದರು ಯಾಕೆ ನಿಂತಿತು

ಅರಸೊತ್ತಿಗೆ ಹೋದದ್ದರಿಂದ ಬಂದರು ನಿಂತಿತು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಪೂರ್ತಿ ಸರಿಯಲ್ಲ. ಬಂದರನ್ನು ಹಿಂದೆ ಸರಿಸಿದ್ದು ಹಡಗಿನ ಗಾತ್ರ ಮತ್ತು ರೈಲು.

ಹಾಯಿಹಡಗಿಗೆ ಸಾಕಾಗುತ್ತಿದ್ದ ಆಳ ಹಬೆಹಡಗಿಗೆ ಸಾಲಲಿಲ್ಲ. ಬ್ರಿಟಿಷರಿಗೆ ಹತ್ತು ಸಣ್ಣ ಬಂದರುಗಳಿಗಿಂತ ಮಂಗಳೂರಿನಂಥ ಒಂದು ಬಂದರಿನಲ್ಲಿ ವ್ಯಾಪಾರ ಕೂಡಿಸುವುದು ಅನುಕೂಲವಾಯಿತು. 1907ರ ಹೊತ್ತಿಗೆ ರೈಲು ಮಂಗಳೂರು ಮುಟ್ಟಿತು. ಆ ಹಳಿ ಕುಂಬಳೆಯ ಅಳಿವೆಯ ಮೇಲೆಯೇ ಸೇತುವೆ ಹಾಕಿಕೊಂಡು ಹೋಯಿತು. ದೋಣಿಯಲ್ಲಿ ಬರುತ್ತಿದ್ದ ಸರಕು ಗೂಡ್ಸ್ ಗಾಡಿ ಹತ್ತಿತು. ಆಮೇಲೆ ರಸ್ತೆ, ಆಮೇಲೆ ಲಾರಿ. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶಕ್ಕೆ ಅರ್ಪಣೆ ಆದಾಗ ಈ ಕರಾವಳಿಯ ಹೊಳೆಬಂದರುಗಳ ಕತೆ ಹೆಚ್ಚುಕಡಿಮೆ ಮುಗಿದಿತ್ತು.

ಮೀನುಗಾರಿಕೆ ಮಾತ್ರ ಉಳಿಯಿತು. ಕೊಯಿಪಾಡಿ, ಆರಿಕ್ಕಾಡಿ, ಶಿರಿಯ ಕಡೆಯ ದೋಣಿಗಳಿಗೆ ಈಗಲೂ ಈ ಅಳಿವೆಯೇ ಬಾಗಿಲು. ಪ್ರವಾಸೋದ್ಯಮದ ಮಾತು ಬಂದಾಗ ನಾವು 'ಹಳೆ ಬಂದರು' ಅನ್ನುತ್ತೇವೆ. ದೋಣಿಯವರಿಗೆ ಅದು ಹಳೆಯದಲ್ಲ, ಇವತ್ತಿನ ಅನ್ನದ ದಾರಿ.

ಹೊಯ್ಗೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಳಿವೆ ಅನ್ನುವುದು ಸ್ಥಿರವಾದ ಜಾಗ ಅಲ್ಲ. ಅದು ಪ್ರತಿವರ್ಷ ಹೊಸದಾಗಿ ಆಗುವಂಥದ್ದು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಆ ನಾಲ್ಕು ತಿಂಗಳು ಹೊಳೆ ಕೆಂಪಾಗಿ ಉಕ್ಕಿ ಮೇಲಿನ ಹೊಯ್ಗೆಯನ್ನು ಕೆಳಗೆ ತರುತ್ತದೆ, ಬಾಯಿಗೆ ಅಡ್ಡ ನಿಂತ ದಿಣ್ಣೆಯನ್ನು ಒಡೆದು ದಾರಿ ಮಾಡಿಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಹೊಳೆಯ ಒತ್ತಡ ಇಳಿಯುತ್ತದೆ. ಆಗ ಕಡಲಿನ ಸರದಿ. ಕರೆಯ ಉದ್ದಕ್ಕೂ ಅಲೆಗಳು ಹೊಯ್ಗೆಯನ್ನು ಸಾಗಿಸಿ ತಂದು ಬಾಯಿಯ ಹತ್ತಿರ ಪೇರಿಸುತ್ತವೆ. ಬೇಸಿಗೆಯಲ್ಲಿ ಬಾಯಿ ಕಿರಿದಾಗುತ್ತದೆ, ಕೆಲವೊಮ್ಮೆ ಜಾಗ ಬದಲಿಸುತ್ತದೆ. ಹೊಳೆ ಮತ್ತು ಕಡಲಿನ ನಡುವೆ ಹೊಯ್ಗೆಯ ಈ ಕೊಡುಕೊಳ್ಳುವಿಕೆ ಸರಿಯಾಗಿ ನಡೆದರೆ ಅಳಿವೆ, ಕಡಲಕರೆ ಎರಡೂ ಆರೋಗ್ಯವಾಗಿರುತ್ತವೆ.

ಈ ಲೆಕ್ಕದಲ್ಲಿ ಮೂರನೆಯವರು ಕೈ ಹಾಕಿದರೆ ಏನಾಗುತ್ತದೆ? ಹೊಳೆಯ ತಳದಿಂದ ಹೊಯ್ಗೆ ತೆಗೆದಷ್ಟೂ ತಳ ಆಳವಾಗುತ್ತದೆ. ಆಳವಾದ ತಳದ ಮೂಲಕ ಭರತದ ಉಪ್ಪುನೀರು ಮೊದಲಿಗಿಂತ ಜಾಸ್ತಿ ದೂರ ಒಳಗೆ ಬರುತ್ತದೆ. ದಡದ ಬಾವಿಗಳು ಫೆಬ್ರವರಿ, ಮಾರ್ಚಿಗೇ ಉಪ್ಪಾಗುತ್ತವೆ. ದಂಡೆ ಜಾರುತ್ತದೆ, ತೆಂಗಿನ ಮರ ಹೊಳೆಗೆ ಬೀಳುತ್ತದೆ. ಇನ್ನೊಂದು ಕಡೆ, ಕಡಲಿಗೆ ಹೋಗಬೇಕಾದ ಹೊಯ್ಗೆ ಹೋಗದೆ ಕಡಲಕರೆ ಬಡವಾಗುತ್ತದೆ. ಕೊಯಿಪಾಡಿ, ಪೆರ್ವಾಡು ಕಡೆಯವರು ಮಳೆಗಾಲ ಬಂದರೆ ಕಡಲ್ಕೊರೆತದ ಭಯದಲ್ಲಿ ಇರುತ್ತಾರೆ. ಕಡಲ್ಕೊರೆತಕ್ಕೆ ಹೊಯ್ಗೆ ತೆಗೆಯುವುದೊಂದೇ ಕಾರಣ ಅಲ್ಲ. ಅಲೆಯ ದಿಕ್ಕು, ಅಲ್ಲಲ್ಲಿ ಹಾಕಿದ ಕಲ್ಲಿನ ತಡೆಗೋಡೆ, ಕಡಲಿನ ಮಟ್ಟ, ಎಲ್ಲ ಸೇರಿದೆ. ಆದರೆ ನಾವು ಕೈಯಾರೆ ನಿಲ್ಲಿಸಬಹುದಾದ ಕಾರಣ ಇದೊಂದು.

ಕಾನೂನು ಇಲ್ಲವೇ ಅಂದರೆ ಇದೆ. ನದಿ ದಂಡೆ ರಕ್ಷಣೆ ಮತ್ತು ಹೊಯ್ಗೆ ತೆಗೆಯುವುದರ ನಿಯಂತ್ರಣಕ್ಕೆ ಕೇರಳ 2001ರಲ್ಲೇ ಕಾಯ್ದೆ ಮಾಡಿದೆ. ಆದರೂ ರಾತ್ರಿ ಹೊತ್ತಿನ ದೋಣಿ, ಬೆಳಗಾಗುವ ಮೊದಲು ಹೊರಡುವ ಟಿಪ್ಪರ್, ಇದು ಈ ಭಾಗದ ಯಾರಿಗೂ ಗುಟ್ಟಲ್ಲ. ಪೊಲೀಸರು ಆಗಾಗ ದೋಣಿಗಳನ್ನು ಹಿಡಿದು ಜೆಸಿಬಿಯಲ್ಲಿ ಪುಡಿ ಮಾಡುತ್ತಾರೆ. ಸ್ವಲ್ಪ ದಿನ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಮನೆ ಕಟ್ಟುವವರಿಗೆ ಹೊಯ್ಗೆ ಬೇಕು, ಕೂಲಿಗೆ ಇಳಿಯುವವನಿಗೆ ಒಂದು ರಾತ್ರಿಯಲ್ಲಿ ಬರುವ ದುಡ್ಡು ಬೇರೆ ಕೆಲಸದಲ್ಲಿ ಬರುವುದಿಲ್ಲ. ಸುಮ್ನೆ ಆ ಕೂಲಿಯವನನ್ನು ಬೈದರೆ ಪ್ರಯೋಜನ ಇಲ್ಲ. ಹೊಳೆ ಜೀವಂತ ಇದ್ದರೆ ಅವನಿಗೆ ಬೇರೆ ಸಂಪಾದನೆ ಇದೆ ಅನ್ನುವ ಸ್ಥಿತಿ ಬರಬೇಕು. ಪ್ರವಾಸೋದ್ಯಮದ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ.

ಆರಿಕ್ಕಾಡಿ ಕಡೆ ಹೊಳೆ ಬದಿಯಲ್ಲಿ ಒಂದು ಸಂಜೆ ಇಳಿತದ ಹೊತ್ತಿಗೆ ನಿಂತಿದ್ದೆ. ನೀರು ಇಳಿದ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಉಸಿರು ಬೇರುಗಳು ನೆಟ್ಟಗೆ ಮೇಲೆದ್ದು ನಿಂತಿದ್ದವು. ಅವುಗಳ ಸಂದಿಯಲ್ಲಿ ಬೆರಳಿನ ಉಗುರಿನಷ್ಟು ಸಣ್ಣ ಏಡಿಗಳು. ಒಬ್ಬೊಬ್ಬರೇ ಕೆಸರಿಗೆ ಇಳಿದು ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಹೆಕ್ಕುತ್ತಿದ್ದರು. ಕಾಲಿನ ಹೆಬ್ಬೆರಳಿನಿಂದ ಕೆಸರನ್ನು ಒತ್ತಿ, ಗಟ್ಟಿ ಸಿಕ್ಕಿದಲ್ಲಿ ಕೈ ಹಾಕಿ ತೆಗೆಯುವುದು. ಬುಟ್ಟಿ ಅರ್ಧ ತುಂಬಿದ್ದ ಅಕ್ಕ ಒಬ್ಬರು, "ಮೊದಲು ಇಲ್ಲೇ ದಡದಲ್ಲಿ ಸಿಗ್ತಿತ್ತು, ಈಗ ನಡುವಿಗೆ ಹೋಗ್ಬೇಕು, ಅಲ್ಲಿ ಗುಂಡಿ" ಅಂದರು. ಹೊಯ್ಗೆ ತೆಗೆದ ಗುಂಡಿ ಎಲ್ಲಿದೆ ಅಂತ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಾಲಿಟ್ಟವರಿಗೇ ಗೊತ್ತು.

ನಕ್ಷೆ ಚಂದ್ರಗಿರಿಯಲ್ಲಿ ಮುಗಿಯುತ್ತದೆ

ಕೇರಳದಲ್ಲಿ ನೀರಿನ ಪ್ರವಾಸೋದ್ಯಮ ಹೊಸತಲ್ಲ. ಉತ್ತರಕ್ಕೂ ಅದನ್ನು ತರಬೇಕು ಅಂತ ಮಲನಾಡು–ಮಲಬಾರು ನದಿ ವಿಹಾರ ಯೋಜನೆ ಬಂತು. ವಳಪಟ್ಟಣಂ, ಕುಪ್ಪಂ, ಕವ್ವಾಯಿ, ತೇಜಸ್ವಿನಿ, ಚಂದ್ರಗಿರಿ ಹೊಳೆಗಳ ಹೆಸರು ಅದರಲ್ಲಿವೆ. ರಾಜ್ಯದ ಉದ್ದಕ್ಕೂ ಬರುವ ಪಶ್ಚಿಮ ಕರಾವಳಿ ಜಲಮಾರ್ಗದ ಯೋಜನೆ ಕೋವಳಂನಿಂದ ಬೇಕಲದವರೆಗೆ, 616 ಕಿ.ಮೀ. ಬೇಕಲ 1992ರಿಂದ ವಿಶೇಷ ಪ್ರವಾಸಿ ಪ್ರದೇಶ. 1995ರಲ್ಲಿ ಅದಕ್ಕೆಂದೇ ಒಂದು ನಿಗಮ ಆಯಿತು.

ಇವೆಲ್ಲ ಒಳ್ಳೆಯ ಕೆಲಸಗಳು. ಅದರಲ್ಲಿ ತಕರಾರು ಇಲ್ಲ. ಆದರೆ ಒಂದು ಗೆರೆ ಕಾಣುತ್ತದೆ, ಅಲ್ವಾ? ನೀರಿನ ಯೋಜನೆಗಳು ಬೇಕಲ ಅಥವಾ ಚಂದ್ರಗಿರಿಗೆ ಬಂದು ನಿಲ್ಲುತ್ತವೆ. ಅದರ ಉತ್ತರಕ್ಕೆ ಮೊಗ್ರಾಲು, ಕುಂಬಳೆ, ಶಿರಿಯ, ಉಪ್ಪಳ, ಮಂಜೇಶ್ವರ, ಹೊಳೆಗಳ ಮೇಲೆ ಹೊಳೆಗಳು. ಇಡೀ ಜಿಲ್ಲೆಯಲ್ಲಿ 12 ಹೊಳೆಗಳಿವೆ. ಚಂದ್ರಗಿರಿ ಹಿಂದಿನಿಂದಲೂ ತುಳುನಾಡಿಗೂ ಮಲೆಯಾಳಕ್ಕೂ ನಡುವಿನ ಗಡಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿ ಅದೇ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕು ಅಂದಿತು. ಅದು ಆಗಲಿಲ್ಲ. ಕರ್ನಾಟಕದ ಕರಾವಳಿ ಯೋಜನೆಗಳು ಸಹಜವಾಗಿ ರಾಜ್ಯದ ಗಡಿಯ ತಲಪಾಡಿಯಲ್ಲಿ ಮುಗಿಯುತ್ತವೆ. ಹೀಗಾಗಿ ತಲಪಾಡಿಯಿಂದ ಚಂದ್ರಗಿರಿವರೆಗಿನ ಕನ್ನಡ, ತುಳು, ಬ್ಯಾರಿ, ಮಲಯಾಳ, ಮರಾಠಿ, ಕೊಂಕಣಿ ಎಲ್ಲ ಕಲೆತ ಈ ಪಟ್ಟಿ ಎರಡು ಕಡೆಯ ಯೋಜನೆಗಳಿಗೂ ಬಾಲದ ತುದಿ.

ಇದನ್ನು ಬರೀ ಭಾಷೆಯ ಅನ್ಯಾಯ ಅಂತ ನೋಡಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಕವ್ವಾಯಿ, ವಲಿಯಪರಂಬದ ಹಿನ್ನೀರು ಉದ್ದ, ಆಳ ಎರಡೂ ಇರುವಂಥದ್ದು. ದೊಡ್ಡ ದೋಣಿ ಓಡಿಸಬಹುದು. ಕುಂಬಳೆಯ ಹಿನ್ನೀರು ಸಣ್ಣದು, ಬೇಸಿಗೆಯ ಇಳಿತದಲ್ಲಿ ಅರ್ಧಕ್ಕರ್ಧ ಕೆಸರು. ಹೌಸ್‌ಬೋಟು ಇಲ್ಲಿಗೆ ಹೊಂದುವುದಿಲ್ಲ, ಹೊಂದಬಾರದೂ ಕೂಡ. ಅದೇ ಮಾದರಿಯನ್ನು ಇಲ್ಲಿಗೂ ತನ್ನಿ ಅಂತ ಕೇಳುವುದು ತಪ್ಪು ಬೇಡಿಕೆ. ಕೇಳಬೇಕಾದದ್ದು ಬೇರೆ: ದೋಣಿ ಇಳಿಯಲು ಒಂದು ಸಣ್ಣ ಕಟ್ಟೆ, ಊರಿನ ಮೀನುಗಾರರೇ ನಡೆಸುವ ಕೈದೋಣಿ, ಭರತದ ಎರಡು ಮೂರು ಗಂಟೆಯ ಹೊತ್ತಿಗೆ ಒಂದು ಸುತ್ತು. ಅಳಿವೆ, ಕಾಂಡ್ಲಾ, ರೈಲು ಸೇತುವೆ, ಕೋಟೆಯ ಗುಡ್ಡ, ಎಲ್ಲವನ್ನೂ ನೀರಿನ ಮೇಲಿನಿಂದ ನೋಡುವುದು. ದೊಡ್ಡ ಬಂಡವಾಳ ಬೇಡ. ಹಕ್ಕಿ ನೋಡುವವರು ಈಗಾಗಲೇ ಕುಂಬಳೆ ಪಕ್ಕದ ಕಿದೂರಿಗೆ ಬರುತ್ತಾರೆ. ಅವರಿಗೆ ಅಳಿವೆ ತೋರಿಸಿದರೆ ಅವರೇ ನಾಲ್ಕು ಜನರಿಗೆ ಹೇಳುತ್ತಾರೆ.

ಜಿಲ್ಲೆ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಇದೆ. 2023ರಲ್ಲಿ ಕಾಸರಗೋಡು ತನ್ನದೇ ಮರ, ಹೂವು, ಹಕ್ಕಿ, ಪ್ರಾಣಿ ಯಾವುದು ಅಂತ ಘೋಷಿಸಿತು. ದೇಶದಲ್ಲಿ ಒಂದು ಜಿಲ್ಲೆ ಹೀಗೆ ಮಾಡಿದ್ದು ಅದೇ ಮೊದಲು. ಮರ ಕಾಸರಕ. ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು. ಪ್ರಾಣಿಯಾಗಿ ಆರಿಸಿದ್ದು ಚಂದ್ರಗಿರಿ ಹೊಳೆಯಲ್ಲಿ ಮೊಟ್ಟೆ ಇಡುವ ಅಪರೂಪದ ದೊಡ್ಡ ಮೆದುಚಿಪ್ಪಿನ ಆಮೆಯನ್ನು. ಅದು ಮೊಟ್ಟೆ ಇಡುವುದು ಹೊಳೆಬದಿಯ ಹೊಯ್ಗೆಯಲ್ಲಿ. ಹೊಯ್ಗೆ ಹೋದರೆ ಆ ಆಮೆಯೂ ಹೋಗುತ್ತದೆ. ಆಯ್ಕೆ ಮಾಡಿದವರು ಯೋಚಿಸಿಯೇ ಮಾಡಿದ್ದಾರೆ. ಅದೇ ಯೋಚನೆ ಕುಂಬಳೆಯ ಅಳಿವೆಯವರೆಗೆ ಬರಬೇಕು.

ಕಾನೂನಿನ ಬಲವೂ ಇದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ಪ್ರಕಾರ ಕಾಂಡ್ಲಾ ಕಾಡು ಅತಿ ಹೆಚ್ಚು ರಕ್ಷಣೆಯ ವರ್ಗಕ್ಕೆ ಸೇರುತ್ತದೆ. ಪುರಾತತ್ವ ಮಹತ್ವದ ಕಟ್ಟಡಗಳೂ ಅದೇ ವರ್ಗದಲ್ಲಿವೆ. ಅಂದರೆ ಅಳಿವೆಯ ಗಿಡಕ್ಕೂ ಕೋಟೆಯ ಕಲ್ಲಿಗೂ ಕಾಗದದ ಮೇಲೆ ಒಂದೇ ಬೆಲೆ.

ಕೋಟೆಯ ಸ್ಥಿತಿ

ಆರಿಕ್ಕಾಡಿ ಕೋಟೆ ಕುಂಬಳೆ ಪೇಟೆಯ ಉತ್ತರಕ್ಕೆ, ಹೆದ್ದಾರಿಯ ಬದಿಯಲ್ಲೇ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಬುರುಜು, ಹತ್ತಿರ ಹನುಮಂತನ ಗುಡಿ. ಬೇಕಲದಂತೆ ಹುಲ್ಲು ಕತ್ತರಿಸಿ ಚೊಕ್ಕ ಮಾಡಿಟ್ಟ ಜಾಗ ಅಲ್ಲ. ಮಳೆ ಬಿಟ್ಟ ಮೇಲೆ ಗಿಡಗಂಟಿ ಆಳೆತ್ತರ ಬೆಳೆಯುತ್ತದೆ. ಗೋಡೆಯ ಸಂದಿಯಲ್ಲಿ ಅಶ್ವತ್ಥದ ಗಿಡ ಹುಟ್ಟಿದರೆ ಮುರಕಲ್ಲು ತಡೆಯುವುದಿಲ್ಲ, ಬೇರು ದಪ್ಪ ಆದಂತೆ ಕಲ್ಲು ಕಲ್ಲೇ ಜಾರುತ್ತದೆ.

2025ರ ಜನವರಿಯಲ್ಲಿ ಈ ಕೋಟೆ ಸುದ್ದಿಯಾಯಿತು. ಕಾರಣ ಕೇಳಿದರೆ ಬೇಸರವಾಗುತ್ತದೆ. ಇಲ್ಲಿನ ಬಾವಿಯೊಳಗೆ ನಿಧಿ ಇದೆ ಅಂತ ಅಗೆಯಲು ಬಂದವರನ್ನು ಊರವರು ಕಂಡು ಪೊಲೀಸರಿಗೆ ಹಿಡಿದುಕೊಟ್ಟರು. ಕೋಟೆ ಅಂದರೆ ನಿಧಿ ಅನ್ನುವ ಯೋಚನೆ ನಮ್ಮಲ್ಲಿ ಎಷ್ಟು ಆಳವಾಗಿದೆ! ಈ ಕೋಟೆ ಯಾಕೆ ಇಲ್ಲಿದೆ, ಇದರ ಎದುರಿನ ನೀರಿನಲ್ಲಿ ಏನು ನಡೆಯುತ್ತಿತ್ತು ಅಂತ ಹೇಳುವ ನಾಲ್ಕು ಸಾಲಿನ ಒಂದು ಫಲಕ ಇದ್ದಿದ್ದರೆ ಜನ ಇದನ್ನು ನೋಡುವ ರೀತಿಯೇ ಬದಲಾಗುತ್ತಿತ್ತು ಅಂತ ನಾನು ನಂಬುತ್ತೇನೆ. ಗೊತ್ತಿಲ್ಲದ ಜಾಗವನ್ನು ಯಾರೂ ಕಾಯುವುದಿಲ್ಲ.

ಹೊಸ ಹೆದ್ದಾರಿಯ ವಿಷಯವನ್ನೂ ಇಲ್ಲೇ ಹೇಳಬೇಕು. ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗಿದೆ. ಪ್ರಯಾಣದ ಸಮಯ ಉಳಿದಿದೆ, ನಿಜ. ಆದರೆ ಮೇಲಿನ ರಸ್ತೆಯಲ್ಲಿ ಹೋಗುವವರಿಗೆ ಕುಂಬಳೆ ಒಂದು ಹಸಿರು ಬೋರ್ಡು ಮಾತ್ರ. ಮೊದಲು ನಿಧಾನ ಹೋಗುವಾಗ ಕೋಟೆಯ ಗೋಡೆ ಕಣ್ಣಿಗೆ ಬೀಳುತ್ತಿತ್ತು, "ಅದೇನು?" ಅಂತ ಮಕ್ಕಳು ಕೇಳುತ್ತಿದ್ದರು. ಈಗ ಸರ್ವಿಸ್ ರಸ್ತೆಗೆ ಇಳಿದರೆ ಮಾತ್ರ ಊರು. ಎಲ್ಲಿ ಇಳಿಯಬೇಕು, ಇಳಿದರೆ ಏನಿದೆ ಅಂತ ಹೆದ್ದಾರಿಯಲ್ಲೇ ತಿಳಿಸುವ ಬೋರ್ಡು ಬೇಕು. ಆ ಬೋರ್ಡಿನಲ್ಲಿ ಕನ್ನಡ ಇರಬೇಕು ಅನ್ನುವುದು ಬರೀ ಭಾವನೆಯ ಮಾತಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತರ ಭಾಷೆಗೆ ಜಾಗ ಕೊಟ್ಟಿದೆ. ಮತ್ತೆ ಇಲ್ಲಿಗೆ ಬರುವ ಪ್ರವಾಸಿಗಳಲ್ಲಿ ಕನ್ನಡದವರು ಎಷ್ಟು ಜನ ಅಂತ ಅನಂತಪುರದ ಪಾರ್ಕಿಂಗಿನಲ್ಲಿ ನಿಂತ ಬಂಡಿಗಳ ನಂಬರ್ ಪ್ಲೇಟು ನೋಡಿದರೆ ಸಾಕು. 2021ರಲ್ಲಿ ಇಲ್ಲಿನ ಊರುಗಳ ಹೆಸರು ಬದಲಿಸುತ್ತಾರೆ ಅಂತ ಸುದ್ದಿ ಹಬ್ಬಿ ಗಲಾಟೆ ಆಯಿತು, ಹಾಗೇನೂ ಇಲ್ಲ ಅಂತ ಕೇರಳ ಸರಕಾರ ಹೇಳಿತು. ಆ ಗಲಾಟೆಯಲ್ಲಿ ಹೆಸರು ಉಳಿಯಿತು. ಆದರೆ ಹೆಸರಿನ ಹಿಂದಿನ ಊರಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಸುತ್ತುವುದಾದರೆ

ಬರುವವರಿಗೆ ನಾನು ಕೊಡುವ ಮೊದಲ ಸಲಹೆ, ಸಾಧ್ಯವಾದರೆ ಮಂಗಳೂರಿನಿಂದ ರೈಲಿನಲ್ಲಿ ಬನ್ನಿ. ಕುಂಬಳೆಯಲ್ಲಿ ನಿಲ್ಲುವ ಗಾಡಿ ಹಿಡಿಯಿರಿ. ಬಲಗಡೆಯ ಕಿಟಕಿಯಲ್ಲಿ ಕೂತುಕೊಳ್ಳಿ. ಉಪ್ಪಳ ದಾಟಿದ ಮೇಲೆ ಶಿರಿಯ ಸೇತುವೆ ಬರುತ್ತದೆ. ಹೊಳೆ, ಹೊಯ್ಗೆಯ ದಿಣ್ಣೆ, ಅದರಾಚೆ ಕಡಲು, ಮೂರೂ ಒಂದೇ ಸಾಲಿನಲ್ಲಿ ಕಾಣುತ್ತದೆ. ಮೇಲೆ ಬರೆದದ್ದೆಲ್ಲ ಆ ಒಂದು ನೋಟದಲ್ಲಿ ಅರ್ಥವಾಗುತ್ತದೆ. ಕಾರಿನಲ್ಲಿ ಬಂದರೆ ಇದು ಸಿಗುವುದಿಲ್ಲ.

ಕಣಿಪುರ ದೇವಸ್ಥಾನ ಪೇಟೆಯಲ್ಲೇ ಇದೆ. ಪಾರ್ತಿಸುಬ್ಬ ತನ್ನ ಪದ್ಯಗಳಲ್ಲಿ ನೆನೆಯುವ ಕಣ್ವಪುರದ ಕೃಷ್ಣ ಇವನೇ. ತೆಂಕುತಿಟ್ಟಿನ ಯಕ್ಷಗಾನ ಇವತ್ತು ಮಂಗಳೂರು, ಬೆಂಗಳೂರು, ಮುಂಬೈವರೆಗೂ ಹೋಗಿದೆ. ಅದರ ಪ್ರಸಂಗಗಳಲ್ಲಿ ಒಂದು ದೊಡ್ಡ ಪಾಲಿಗೆ ಇಲ್ಲಿಯವನ ಹೆಸರಿದೆ. ಜನವರಿಯಲ್ಲಿ ಇಲ್ಲಿನ ಜಾತ್ರೆ. 'ಕುಂಬಳೆ ಬೆಡಿ', ಅಂದರೆ ಜಾತ್ರೆಯ ಸಿಡಿಮದ್ದು, ಸುತ್ತಲ ಹತ್ತೂರಿಗೆ ಗೊತ್ತು. ಬೆಡಿಯ ರಾತ್ರಿ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ದೇವಸ್ಥಾನ ನಿಧಾನವಾಗಿ ನೋಡಬೇಕು ಅನ್ನುವವರು ಆ ದಿನ ಬಿಟ್ಟು ಬರುವುದು ಒಳ್ಳೆಯದು.

ದಕ್ಷಿಣಕ್ಕೆ ಸ್ವಲ್ಪ ಹೋದರೆ ಮೊಗ್ರಾಲು. ಅದಕ್ಕೆ 'ಇಶಲ್ ಗ್ರಾಮ' ಅನ್ನುವ ಹೆಸರಿದೆ. ಇಶಲ್ ಅಂದರೆ ಹಾಡಿನ ಧಾಟಿ. ಮಾಪ್ಪಿಳಪ್ಪಾಟ್ಟು, ಅಂದರೆ ಮಲಬಾರಿನ ಮುಸ್ಲಿಮರ ಹಾಡು, ಕಟ್ಟಿ ಹಾಡಿದ ಕವಿಗಳ ಊರು. ಯಕ್ಷಗಾನದ ಹಾಡು ಹುಟ್ಟಿದ ಊರಿಗೆ ಇಷ್ಟು ಹತ್ತಿರದಲ್ಲಿ ಇನ್ನೊಂದು ಹಾಡಿನ ಪರಂಪರೆ ಬೆಳೆದದ್ದು ಆಶ್ಚರ್ಯ ಅನ್ನಿಸಬಹುದು. ಬಂದರಿನ ಕಡೆಯಿಂದ ನೋಡಿದರೆ ಆಶ್ಚರ್ಯ ಇಲ್ಲ. ಅರಬ್ಬಿ ಕಡಲಿನ ವ್ಯಾಪಾರದ ಜೊತೆ ಇಲ್ಲಿಗೆ ಜನ ಬಂದರು, ಮದುವೆಯಾದರು, ನೆಲೆಸಿದರು, ಹಾಡಿದರು. ಕಾಸರಗೋಡಿನ ತಳಂಗೆರೆಯ ಮಾಲಿಕ್ ದೀನಾರ್ ಮಸೀದಿಯೂ ಅದೇ ಕಡಲ ದಾರಿಯ ನೆನಪು.

ಅನಂತಪುರಕ್ಕೆ ಹೇಗೂ ಹೋಗುತ್ತೀರಿ. ಕುಂಬಳೆಯಿಂದ ಐದಾರು ಕಿ.ಮೀ. ತಿರುವನಂತಪುರದ ಪದ್ಮನಾಭನಿಗೆ ಮೂಲಸ್ಥಾನ ಇದು ಅನ್ನುವುದು ನಂಬಿಕೆ. ಇಲ್ಲಿನ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ಸತ್ತಾಗ ಸಾವಿರಾರು ಜನ ಕೊನೆಯ ಸಲ ನೋಡಲು ಬಂದಿದ್ದರು. 2023ರಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಮೊಸಳೆ ಕಾಣಲಿ, ಕಾಣದಿರಲಿ, ಮುರಕಲ್ಲಿನ ಬೋಳು ಪದವಿನ (ಎತ್ತರದ ಬಯಲಿನ) ನಡುವೆ ಅಷ್ಟು ನೀರು ನಿಂತಿರುವುದನ್ನು ನೋಡಿ. ಈ ನೆಲ ಮಳೆನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದಕ್ಕೂ ಹೊಳೆ ಬೇಸಿಗೆಯಲ್ಲಿ ಬತ್ತದಿರುವುದಕ್ಕೂ ನೇರ ಸಂಬಂಧ ಇದೆ. ಕುಂಬ್ಡಾಜೆಯ ಏತಡ್ಕದಂಥ ಊರುಗಳಲ್ಲಿ ಕೃಷಿಕರು ಮಳೆ ಬಿಟ್ಟ ಮೇಲೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಕಟ್ಟ ಹಾಕುತ್ತಾರಲ್ಲ, ಅದೂ ಇದೇ ಲೆಕ್ಕ. ಮೇಲೆ ನೀರು ನಿಂತರೆ ಕೆಳಗೆ ಬಾವಿ ಸಿಹಿ.

ಮುಜುಂಗಾವಿಗೆ ಹೋಗುವುದಾದರೆ ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ಹೋಗಿ. ಅವತ್ತು ಅಲ್ಲಿ ಕಾವೇರಿ ತೀರ್ಥಸ್ನಾನ. ಚರ್ಮರೋಗ ಹೋಗಲಿ ಅಂತ ಅಕ್ಕಿ, ಹುರುಳಿ ಸೇರಿಸಿ ಕೆರೆಗೆ ಹಾಕಿ ಮುಳುಗಿ ಏಳುತ್ತಾರೆ.

ಅಳಿವೆ ನೋಡಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರವರಿ. ಆ ದಿನದ ಭರತ ಇಳಿತದ ಹೊತ್ತನ್ನು ಮೊದಲೇ ನೋಡಿಕೊಳ್ಳಿ, ಇಲ್ಲವೇ ಮೀನುಗಾರರನ್ನು ಕೇಳಿ. ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಎರಡನ್ನೂ ನೋಡುವಷ್ಟು ಹೊತ್ತು ಇಟ್ಟುಕೊಂಡರೆ ಚೆನ್ನ. ದೋಣಿಯವರ ಜೊತೆ ಹೋಗುವುದಾದರೆ ದರ ಮೊದಲೇ ಮಾತಾಡಿ, ಕೇಳಿದ್ದನ್ನು ಕೊಡಿ, ಜಾಸ್ತಿ ಚೌಕಾಸಿ ಬೇಡ. ಆ ದುಡ್ಡು ಹೊಳೆ ಉಳಿಯಲಿ ಅಂತ ಬಯಸುವ ಒಂದು ಮನೆಗೆ ಹೋಗುತ್ತದೆ. ಮಳೆಗಾಲದಲ್ಲಿ ಬಂದರೆ ಸೇತುವೆಯ ಮೇಲಿನಿಂದ, ದಡದಿಂದ ನೋಡಿ ಸಾಕು. ಅಳಿವೆಯ ಹತ್ತಿರ ನೀರಿಗೆ ಇಳಿಯಬೇಡಿ. ಹೊಯ್ಗೆ ತೆಗೆದ ಗುಂಡಿಗಳು ಮೇಲೆ ಕಾಣುವುದಿಲ್ಲ, ಈಜು ಬಲ್ಲವರಿಗೂ ಅಲ್ಲಿ ಅಪಾಯ.